ಸದರಿ

ಚೌಕಿಪೇಟೆಯ ಹತ್ತಿ ದಲಾಲಿ ಅಂಗಡಿಯಲ್ಲಿ
ನಮ್ಮಜ್ಜ ಗುಮಾಸ್ತ.
ಒಮ್ಮೆ ಬರೆದ ಹೆಸರನ್ನು ಎರಡನೆಯ ಸಲ ಬರೆದವನಲ್ಲ.
‘ಸದರಿ’ ಎನ್ನುತ್ತಿದ್ದ, ‘ಮೇಲಿನಂತೆ’ ಎನ್ನುತ್ತಿದ್ದ.
ಮಸಿ ಉಳಿಯಿತು, ಕಾಗದ ಉಳಿಯಿತು,
ಲಕೋಟೆ ಹಗುರಾಯಿತು.
ಆಮೇಲೆ ಅರಗು. ಅರಗಿನ ಮೇಲೆ ಮುದ್ರೆ.

ನಾನೀಗ ಅದೇ ಪೇಟೆಯ ಸಹಕಾರಿ ಬ್ಯಾಂಕಿನ
ಹಿಂದಿನ ಕೋಣೆಯಲ್ಲಿ ಸರ್ವರ್ ಕಾಯುತ್ತೇನೆ.
ಅದೂ ಒಂದು ಗುಮಾಸ್ತ:
ಪುಟದಲ್ಲಿ ಮರಳಿ ಬಂದದ್ದನ್ನೆಲ್ಲ
ಸದರಿ ಸದರಿ ಎಂದು ಮಡಿಸಿ, ಕುಗ್ಗಿಸಿ,
ಗೂಢಲಿಪಿಯ ಅರಗೊತ್ತಿ ಕಳಿಸುತ್ತದೆ.

ಕಳ್ಳ ಅರಗು ಒಡೆಯುವುದಿಲ್ಲ.
ತಕ್ಕಡಿ ಹಿಡಿದು ದಾರಿಯಲ್ಲಿ ಕೂತಿರುತ್ತಾನೆ.
ಖಾತೆದಾರನಿಗೇ ಗೊತ್ತಿಲ್ಲದೆ ಅವನ ಕೈಯಿಂದ
ಒಳಗೊಂದು ಚೀಟಿ ತುರುಕುತ್ತಾನೆ:
ಗುಟ್ಟಿನ ಮೊದಲಕ್ಷರ ‘ಕ’ ಇರಬಹುದೇ?
ತಿರುಗಿ ಬಂದ ಲಕೋಟೆ ಭಾರ.
‘ಚ’? ಭಾರ.
‘ತ’?
ಒಂದು ಗುಲಗಂಜಿ ಕಡಿಮೆ.
ಒಳಗೆ ಗುಮಾಸ್ತ ಬರೆದಿದ್ದಾನೆ: ಸದರಿ.

ಹೀಗೆ ಅಕ್ಷರಕ್ಕಕ್ಷರ.
ಬೀಗ ಬೀಗದಂತೆಯೇ ಇದೆ, ಮನೆ ಖಾಲಿ.

ಆಡಳಿತ ಮಂಡಳಿಯೆದುರು ಇದನ್ನೇ ಹೇಳಿದೆ.
ಅಧ್ಯಕ್ಷ ಕೊಟ್ರಬಸಪ್ಪನವರು ಮಿರ್ಚಿಯ ತೊಟ್ಟನ್ನು
ತಟ್ಟೆಯಂಚಿಗಿಟ್ಟು,
“ಬೀಗ ಒಡೆದಿಲ್ಲ ಅಂತೀಯ, ಕಳವು ಅಂತೀಯ,
ಯಾವ್ದಮ್ಮ ಖರೆ?” ಎಂದರು.
ಎರಡೂ ಸರ್.
ಗುಟ್ಟಿರುವ ಪುಟವನ್ನು ಕುಗ್ಗಿಸುವುದು ಬೇಡ ಎಂದೆ.
“ನಿಧಾನ ಆದ್ರೆ ಹರಿಹರ ಶಾಖೆಯೋರು ಬೈತಾರೆ.”
ಬೈಯಲಿ ಎಂದೆ.
ನಡಾವಳಿ ಪುಸ್ತಕದಲ್ಲಿ ಆ ಮಾತು ಬರಲಿಲ್ಲ.

ಮನೆಯಲ್ಲಿ ಅವ್ವ.
ಮೂರು ವಾರದಿಂದ ಅವಳದೂ ತಕ್ಕಡಿ.
“ಯಾರೇ ಅವ್ನು? ಬ್ಯಾಂಕಿನೋನಾ?”
ಅಯ್ಯೋ, ಬ್ಯಾಂಕಿನಲ್ಲಿರೋರಿಗೆಲ್ಲ ಮೊಮ್ಮಕ್ಕಳಿದಾವೆ ಕಣವ್ವ,
ನಿನಗೇನು ಬೇರೆ ಕೆಲಸ ಇಲ್ವಾ, ಗಿರಣಿಗೆ ಜೋಳ ಕೊಟ್ಟೆಯಾ…
“ಕಾಲೇಜಿನೋನಾ?”
ಕಾಲೇಜು ಬಿಟ್ಟು ಹನ್ನೊಂದು ವರ್ಷ,
ಯಾರ ಮುಖ ನೆನಪಿದೆ ಹೇಳು, ಕರೆಂಟು ಬಿಲ್ಲು ಬಂತಾ…
“ಮಂಡಕ್ಕಿ ಭಟ್ಟಿ ಕಡೆಯೋನಾ?”
ಇಲ್ಲ.

ಅಷ್ಟೇ ಅಂದೆ.
ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ,
ತಲೆಯನ್ನೂ ಎತ್ತಲಿಲ್ಲ.
ಒಂದು ಕಲ್ಲು ಸಿಕ್ಕಿತು, ಎತ್ತಿ ಪಕ್ಕಕ್ಕಿಟ್ಟಳು.

ಅವನಿಗೆ ಹೇಳಿದರೆ ನಕ್ಕ.
ಭಟ್ಟಿಯ ಹೊಗೆಯಲ್ಲಿ ನಿಂತು ಚೀಲ ಹೊಲಿಯುತ್ತ,
“ಗಾಜಿನ ಲೋಟ ಪಾರ್ಸೆಲ್ ಮಾಡುವಾಗ
ಸುತ್ತ ಮಂಡಕ್ಕಿ ಸುರೀತೀವಿ ನೋಡು.
ಎಷ್ಟು ಹಿಡಿ ಅಂತ ಅಪ್ಪನಿಗೂ ಗೊತ್ತಿರಲ್ಲ.
ನಿನ್ನ ಪುಟಕ್ಕೂ ಸುರಿ.”

ಸುರಿದೆ. ಒಂದೊಂದು ಪುಟಕ್ಕೆ ಒಂದೊಂದು ಹಿಡಿ,
ಲೆಕ್ಕ ನನಗೂ ತಿಳಿಯದಂತೆ.
ಆದರೆ ಸಾವಿರ ಸಲ ತೂಗುವವರಿಗೆ
ಮಂಡಕ್ಕಿಯೂ ಸರಾಸರಿಯಾಗಿ ಹಾರಿಹೋಗುತ್ತದೆ,
ಗಾಜು ಉಳಿಯುತ್ತದೆ.
ಅವ್ವನಿಗಂತೂ ಪುರುಸೊತ್ತಿದೆ.

ಆ ರಾತ್ರಿ ಅಧ್ಯಕ್ಷರ ಅಪ್ಪಣೆ ಕಾಯಲಿಲ್ಲ.
ಲಾಗಿನ್ ಪುಟದಲ್ಲಿ ಕುಗ್ಗಿಸುವುದನ್ನು ಆರಿಸಿದೆ.
ಗುಟ್ಟಿನ ಟೋಕನ್ನಿಗೆ ಪ್ರತಿ ಸಲವೂ ಹೊಸ ವೇಷ ತೊಡಿಸಿದೆ,
ನಿನ್ನೆಯ ಅಕ್ಷರ ಇಂದು ತನ್ನನ್ನೇ ಗುರುತಿಸದ ಹಾಗೆ.
ಹೊರಗಿನವರ ಚೀಟಿ, ಒಳಗಿನವರ ಗುಟ್ಟು
ಇನ್ನು ಒಂದೇ ಲಕೋಟೆಯಲ್ಲಿಲ್ಲ.
ಅಶೋಕ ರಸ್ತೆಯ ಗೇಟು ಬಿದ್ದಿತ್ತು, ಗೂಡ್ಸು ಹೋಗುವ ತನಕ
ಸ್ಕೂಟರಿನ ಮೇಲೆ ಕೂತು ಡಬ್ಬಿ ಎಣಿಸಿದೆ. ಐವತ್ತೆಂಟು.
ಒಳಗೇನಿತ್ತೋ.

ಮನೆಗೆ ಬಂದು,
ಒಂದೇ ಅಡುಗೆಮನೆ, ಒಂದೇ ಲಕೋಟೆ,
ವೇಷಕ್ಕೆ ಜಾಗವೆಲ್ಲಿ,
ಏನನ್ನೂ ಮಡಿಸದೆ ಹೇಳಿದೆ:
ಅವನ ಹೆಸರು, ಅವನಪ್ಪ ಚಮನ್‌ಸಾಬರ ಹೆಸರು,
ಓಣಿ, ಭಟ್ಟಿ, ಎಷ್ಟು ವರ್ಷ,
ಮತ್ತೆ ಅವನ ಹೆಸರು, ಪೂರ್ತಿ,
ಸದರಿ ಎನ್ನದೆ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ, “ಹೂಂ.”

ಅಷ್ಟು ಚಿಕ್ಕದು.
ಆಗಲೇ ತಿಳಿಯಿತು,
ನಾನು ಹೇಳಿದ್ದಷ್ಟೂ
ಅವಳೊಳಗೆ ಮೊದಲೇ ಇತ್ತು.